ಸಿಎಂ ಪಂಕ್ ವಾಪಸ್ ಬಂದಾಗ ರಾ ಶೋಗೆ ಹಾಕಿದ್ದೇ ತಪ್ಪಾ?

ಶನಿವಾರದ ಪ್ರೇಕ್ಷಕ:

ಈ ವೇದಿಕೆಯಲ್ಲಿ ಕುಸ್ತಿಪಟು ಸಿಎಂ ಪಂಕ್ ಬಗ್ಗೆ ಬರೆಯದವರೇ ಇಲ್ಲ. ಆದರೂ ಒಂದು ವಿಷಯ ಯಾರೂ ಸರಿಯಾಗಿ ಕೆದಕಿಲ್ಲ. 2023ರಲ್ಲಿ ಅವನು ಡಬ್ಲ್ಯೂಡಬ್ಲ್ಯೂಇ ಕುಸ್ತಿ ಕಂಪನಿಗೆ ಮರಳಿದಾಗ, ಅಮೆರಿಕದಲ್ಲಿ ಸೋಮವಾರ ರಾತ್ರಿ ಬರುವ ರಾ ಶೋಗೆ ಸೇರಿಸಿದ್ದು ಸರಿಯಾ? ನನ್ನ ಪ್ರಕಾರ ತಪ್ಪು. ಅವನ ಜಾಗ ಶುಕ್ರವಾರ ರಾತ್ರಿಯ ಸ್ಮ್ಯಾಕ್‌ಡೌನ್.

ಮರೆತವರಿಗೆ ಒಂಚೂರು ನೆನಪಿಸುತ್ತೇನೆ. 2023ರ ನವೆಂಬರ್ 25. ಶಿಕಾಗೋ ಪಕ್ಕದ ರೋಸ್‌ಮಾಂಟ್‌ನಲ್ಲಿ ಸರ್ವೈವರ್ ಸೀರೀಸ್ ಅನ್ನುವ ದೊಡ್ಡ ಶೋ. ವಾರ್‌ಗೇಮ್ಸ್ ಅನ್ನುವ ತಂಡಗಳ ಮ್ಯಾಚ್ ಮುಗಿದು ಎಲ್ಲರೂ ಟಿವಿ ಆಫ್ ಮಾಡಬೇಕು ಅನ್ನುವ ಹೊತ್ತಿಗೆ ಅವನ ಹಾಡು ಬಂತು. 2014ರ ಜನವರಿಯಲ್ಲಿ ರಾಯಲ್ ರಂಬಲ್ ಅನ್ನುವ ಇನ್ನೊಂದು ದೊಡ್ಡ ಶೋ ಮುಗಿದ ಮಾರನೇ ದಿನ ಎದ್ದು ಹೋದವನು, ಹತ್ತಿರ ಹತ್ತಿರ 10 ವರ್ಷ ಆದಮೇಲೆ ಅದೇ ಕಂಪನಿಯ ರ‍್ಯಾಂಪ್ ಮೇಲೆ ನಿಂತಿದ್ದ. ರಿಂಗ್ ಹತ್ತಿರ ಇನ್ನೊಬ್ಬ ಆಟಗಾರ ಸೆತ್ ರಾಲಿನ್ಸ್ ಬಾಯಿಗೆ ಬಂದಂತೆ ಬೈಯುತ್ತಿದ್ದ. ಆಮೇಲೆ ಎರಡು ವಾರ ಒಂದು ಆಟ ನಡೆಯಿತು. ಡಿಸೆಂಬರ್ 8ಕ್ಕೆ ಸ್ಮ್ಯಾಕ್‌ಡೌನ್‌ಗೆ ಬಂದ. 9ಕ್ಕೆ ಹೊಸಬರ ಶೋ ಎನ್‌ಎಕ್ಸ್‌ಟಿಯ ಡೆಡ್‌ಲೈನ್‌ನಲ್ಲಿ ಶಾನ್ ಮೈಕಲ್ಸ್ ಜೊತೆ ಕಾಣಿಸಿಕೊಂಡ. 11ಕ್ಕೆ ಕ್ಲೀವ್‌ಲ್ಯಾಂಡ್‌ನಲ್ಲಿ ರಾ ಮ್ಯಾನೇಜರ್ ಆಡಮ್ ಪಿಯರ್ಸ್ ಮುಂದೆ ರಾ ಒಪ್ಪಂದಕ್ಕೆ ಸಹಿ ಹಾಕಿದ.

ಇಷ್ಟೆಲ್ಲ ಆದಮೇಲೆ ಆರಿಸಿಕೊಂಡದ್ದು ರಾಲಿನ್ಸ್ ಇರುವ ಶೋ. ಅತ್ತ ಸ್ಮ್ಯಾಕ್‌ಡೌನ್‌ನಲ್ಲಿ ಯಾರಿದ್ದರು? ಆಟಗಾರರ ಪರ ಮಾತಾಡುವ ಮ್ಯಾನೇಜರ್ ಪಾಲ್ ಹೇಮನ್. ಪಂಕ್‌ನ 434 ದಿನದ ಚಾಂಪಿಯನ್‌ಶಿಪ್‌ನ ಕೊನೆಯ ತಿಂಗಳುಗಳಲ್ಲಿ ಪಕ್ಕದಲ್ಲಿ ನಿಂತಿದ್ದವನು, 2013ರ ಮನಿ ಇನ್ ದ ಬ್ಯಾಂಕ್‌ನಲ್ಲಿ ಏಣಿಯಿಂದ ಹೊಡೆದು ಕೈಕೊಟ್ಟವನು. ಅದೇ ಹೇಮನ್ ಆಗ ಚಾಂಪಿಯನ್ ರೋಮನ್ ರೇನ್ಸ್‌ನ ಬಲಗೈ ಆಗಿದ್ದ. ಇನ್ನು ರೇನ್ಸ್ ಮೊದಲ ಸಲ ಟಿವಿಯಲ್ಲಿ ಕಂಡದ್ದು ಯಾವಾಗ? 2012ರ ಸರ್ವೈವರ್ ಸೀರೀಸ್‌ನಲ್ಲಿ. ರೇನ್ಸ್ ಇದ್ದ ಶೀಲ್ಡ್ ಬಳಗದ ಮೂವರು ನುಗ್ಗಿ ಪಂಕ್‌ನ ಎದುರಾಳಿ ರೈಬ್ಯಾಕ್‌ನನ್ನು ಎತ್ತಿ ಹಾಕಿದರು, ಪಂಕ್‌ನ ಬೆಲ್ಟ್ ಉಳಿಯಿತು. ಹನ್ನೊಂದು ವರ್ಷದ ಹಳೇ ಲೆಕ್ಕ ಸ್ಮ್ಯಾಕ್‌ಡೌನ್‌ನಲ್ಲಿ ಕಾಯುತ್ತಾ ಕೂತಿತ್ತು. ಅದನ್ನು ಬಿಟ್ಟು ಇವನನ್ನು ಸೋಮವಾರಕ್ಕೆ ಕಳಿಸಿದರು. ಯಾಕೆ ಅಂತ ಯಾರಾದರೂ ಹೇಳಿ.

ಹಾಫ್ ಕಾಫಿ:

ನಿಮ್ಮ ಹೆಸರಲ್ಲೇ ಉತ್ತರ ಇದೆ ಸಾರ್. ಸ್ಮ್ಯಾಕ್‌ಡೌನ್ ನಮಗೆ ಶನಿವಾರ ಬೆಳಿಗ್ಗೆ. ರಾ ಮಂಗಳವಾರ ಬೆಳಿಗ್ಗೆ, ಆಫೀಸ್ ಕ್ಯಾಬ್ ಬರುವ ಟೈಮು. ಪಂಕ್ ಸ್ಮ್ಯಾಕ್‌ಡೌನ್‌ನಲ್ಲಿ ಇದ್ದಿದ್ದರೆ ನಿಮಗೆ ಅನುಕೂಲ ಆಗುತ್ತಿತ್ತು, ಅಷ್ಟೇ ಅಲ್ವಾ? 😄

ಶನಿವಾರದ ಪ್ರೇಕ್ಷಕ:

ಅದೂ ಒಂದು ಕಾರಣ, ಮುಚ್ಚಿಡೋದೇನಿದೆ. ಆದರೆ ಮೇಲೆ ಬರೆದಿದ್ದಕ್ಕೆ ಉತ್ತರ ಕೊಡಿ.

ಮೂರು ಗಂಟೆ ರಾ:

ನಾನು ಕೊಡುತ್ತೇನೆ.

ರೇನ್ಸ್ ಜೊತೆ ಹಳೇ ಲೆಕ್ಕ ಇತ್ತು, ಒಪ್ಪಿದೆ. ಆದರೆ ರೇನ್ಸ್ ಎಲ್ಲಿದ್ದ? ಬೆಲ್ಟ್ ಅವನ ಹತ್ತಿರ ಇತ್ತು, ಅವನು ಮಾತ್ರ ಶೋನಲ್ಲಿ ಇರುತ್ತಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ವರ್ಲ್ಡ್ ಹೆವಿವೇಟ್ ಅಂತ ಇನ್ನೊಂದು ಬೆಲ್ಟ್ ಮಾಡಿದ್ದೇ ಅದಕ್ಕೆ. ಡ್ರಾಫ್ಟ್‌ನಲ್ಲಿ (ಆಟಗಾರರನ್ನು ಎರಡು ಶೋಗಳಿಗೆ ಹಂಚುವಾಗ) ರೇನ್ಸ್ ಒಂದು ಕಡೆ ಹೋದರೆ ಇನ್ನೊಂದು ಶೋಗೆ ವಾರವಾರ ಬರುವ ಚಾಂಪಿಯನ್ ಬೇಕಿತ್ತು. ಮೇ 27ಕ್ಕೆ ಜೆಡ್ಡಾದಲ್ಲಿ ಎಜೆ ಸ್ಟೈಲ್ಸ್‌ನನ್ನು ಸೋಲಿಸಿ ರಾಲಿನ್ಸ್ ಅದನ್ನು ತಗೊಂಡ. ಆಮೇಲೆ ಬೆನ್ನುನೋವು ಇದ್ದರೂ ಬಿಡದೆ ಆಡಿದ.

ಪಂಕ್‌ನ ದೊಡ್ಡ ಆಯುಧ ಮೈಕ್. ಅದಕ್ಕೆ ಎದುರಿಗೆ ಒಬ್ಬ ಮನುಷ್ಯ ಬೇಕು, ತಿರುಗಿಸಿ ಬೈಯುವವನು ಬೇಕು. ಸ್ಮ್ಯಾಕ್‌ಡೌನ್‌ಗೆ ಹೋಗಿದ್ದರೆ ಏನಾಗುತ್ತಿತ್ತು ಹೇಳಲಾ? ಒಂದು ವಾರ ಹೇಮನ್ ಜೊತೆ ಮಾತು. ಮುಂದಿನ ವಾರ ಹೇಮನ್ ಫೋನ್ ಹಿಡಿದು ಮುಖ ಬಾಡಿಸಿಕೊಳ್ಳುವುದು. ಅದರ ಮುಂದಿನ ವಾರ ರೇನ್ಸ್ ಬಳಗದ ಸೋಲೋ ಸಿಕೋವಾ ಜೊತೆ ಒಂದು ಹೊಡೆದಾಟ. ರೇನ್ಸ್ ಬರುವುದು ದೊಡ್ಡ ಶೋಗೆ ಎರಡು ವಾರ ಮುಂಚೆ.

ಇನ್ನೊಂದು. ಆ ಡಿಸೆಂಬರ್‌ನಲ್ಲಿ ಸ್ಮ್ಯಾಕ್‌ಡೌನ್ ಟ್ರಾಫಿಕ್ ನೋಡಿ. ರ‍್ಯಾಂಡಿ ಆರ್ಟನ್ ಪಂಕ್ ಬಂದ ರಾತ್ರಿಯೇ ವಾಪಸ್ ಬಂದಿದ್ದ, ಡಿಸೆಂಬರ್ 1ಕ್ಕೆ ಮ್ಯಾನೇಜರ್ ನಿಕ್ ಆಲ್ಡಿಸ್ ಹತ್ತಿರ ಸ್ಮ್ಯಾಕ್‌ಡೌನ್‌ಗೆ ಸಹಿ ಹಾಕಿದ. ಎಜೆ ಸ್ಟೈಲ್ಸ್ ಗಾಯ ವಾಸಿಯಾಗಿ ಬಂದ. ಎಲ್‌ಎ ನೈಟ್ ಮೊದಲೇ ಸಾಲಿನಲ್ಲಿದ್ದ. ಮೂವರನ್ನೂ ಒಟ್ಟಿಗೆ ರೇನ್ಸ್ ಮೇಲೆ ಬಿಟ್ಟು 2024ರ ರಾಯಲ್ ರಂಬಲ್‌ನಲ್ಲಿ ನಾಲ್ವರ ಮ್ಯಾಚ್ ಮಾಡಿದರು. ರೇನ್ಸ್ ಗೆದ್ದ. ಪಂಕ್ ಅಲ್ಲಿ ಐದನೆಯವನಾಗಿ ನಿಲ್ಲಬೇಕಿತ್ತಾ?

ಆಗ ಫಾಕ್ಸ್ ಚಾನೆಲ್‌ನಲ್ಲಿ ಸ್ಮ್ಯಾಕ್‌ಡೌನ್ ಎರಡೇ ಗಂಟೆ ಇತ್ತು. ಅದರಲ್ಲಿ ರೇನ್ಸ್‌ನ ಬ್ಲಡ್‌ಲೈನ್ ಬಳಗದ ಕಥೆಗೇ ದೊಡ್ಡ ಪಾಲು. ರಾ ಮೂರು ಗಂಟೆ ಇತ್ತು. ಬಾಯಿ ಇರುವ ಮನುಷ್ಯನಿಗೆ ಜಾಗ ಇದ್ದದ್ದು ಅಲ್ಲೇ.

ಸ್ಟ್ರೇಟ್ ಎಡ್ಜ್ ಶಿವಮೊಗ್ಗ:

ಸ್ಮ್ಯಾಕ್‌ಡೌನ್ ಪರವಾಗಿ ಒಂದು ಮಾತು. ಪಂಕ್ ಅಂದರೆ ಎಲ್ಲರಿಗೂ 2011ರ ಲಾಸ್ ವೇಗಸ್ ಪೈಪ್ ಬಾಂಬ್ ಅನ್ನುವ ಬಿಸಿ ಭಾಷಣ ನೆನಪಾಗುತ್ತದೆ, ಅದು ರಾ. ಆದರೆ ನನ್ನ ಪಂಕ್ 2009–10ರ ಶುಕ್ರವಾರದ ಪಂಕ್. ಜೆಫ್ ಹಾರ್ಡಿ ಏಣಿ ಮ್ಯಾಚ್‌ನಲ್ಲಿ ಬೆಲ್ಟ್ ಗೆದ್ದು ಉಸಿರು ಬಿಡುವ ಮೊದಲೇ ಮನಿ ಇನ್ ದ ಬ್ಯಾಂಕ್ ಬ್ರೀಫ್‌ಕೇಸ್ (ಯಾವಾಗ ಬೇಕಾದರೂ ಚಾಂಪಿಯನ್ ಜೊತೆ ಮ್ಯಾಚ್ ಕೇಳುವ ಹಕ್ಕು) ಹಿಡಿದು ಬಂದು ಕಿತ್ತುಕೊಂಡ. ಆಮೇಲೆ ಗಡ್ಡ ಬಿಟ್ಟು ಸ್ಟ್ರೇಟ್ ಎಡ್ಜ್ ಸೊಸೈಟಿ ಕಟ್ಟಿದ. ಕುಡಿಯಲ್ಲ, ಸೇದಲ್ಲ, ಆದ್ದರಿಂದ ನಾನು ನಿಮಗಿಂತ ಮೇಲು ಅಂತ ಜನಕ್ಕೆ ಉಪದೇಶ. ಆ ಬಳಗಕ್ಕೆ ಸೇರಿದ ಸೆರೀನಾ ತಲೆ ಬೋಳಿಸಿದ್ದು, ರೇ ಮಿಸ್ಟೀರಿಯೋ ಮಗಳ ಹುಟ್ಟುಹಬ್ಬಕ್ಕೆ ನುಗ್ಗಿ ಆ ಮಗುವಿನ ಮುಂದೆ ಹ್ಯಾಪಿ ಬರ್ತ್‌ಡೇ ಹಾಡಿದ್ದು. ಟೆನ್ ಸ್ಪೋರ್ಟ್ಸ್‌ನಲ್ಲಿ ಅದನ್ನು ನೋಡುವಾಗ ನಮ್ಮಜ್ಜಿ "ಇವನಿಗೆ ಯಾರೂ ಹೇಳೋರು ಕೇಳೋರು ಇಲ್ವಾ?" ಅಂತ ನಿಜವಾಗಲೂ ಸಿಟ್ಟಾಗಿದ್ದರು. ರಾ ಶೋನಲ್ಲಿ ಅವನು ಸ್ಟಾರ್ ಆದ. ಸ್ಮ್ಯಾಕ್‌ಡೌನ್‌ನಲ್ಲಿ ಪಾತ್ರ ಆಗಿದ್ದ. ವಾಪಸ್ ಬಂದಮೇಲೆ ಆ ಪಾತ್ರ ಮತ್ತೆ ನೋಡಲು ಸಿಕ್ಕಿಲ್ಲ.

ಹಾಫ್ ಕಾಫಿ:

ಅಜ್ಜಿಗೆ ನಮಸ್ಕಾರ ಹೇಳಿ 🙏

ಮಂಡ್ಯ ಮಾರ್ಕ್:

ಎಲ್ಲರೂ ಡಬ್ಲ್ಯೂಡಬ್ಲ್ಯೂಇ ಅಷ್ಟೇ ಮಾತಾಡ್ತಿದ್ದೀರಲ್ಲ. 2023ರಲ್ಲಿ ಈ ಮನುಷ್ಯ ಎರಡು ಸಲ ವಾಪಸ್ ಬಂದ. ಮೊದಲನೇ ಸಲ ಹಾಕಿದ ಶೋ ನಿಜವಾಗಲೂ ತಪ್ಪಾಗಿತ್ತು, ಅದರ ಬಗ್ಗೆ ಒಬ್ಬರೂ ಬರೆದಿಲ್ಲ.

2022ರ ಸೆಪ್ಟೆಂಬರ್ 4ಕ್ಕೆ ಪೈಪೋಟಿ ಕಂಪನಿ ಎಇಡಬ್ಲ್ಯೂನ ದೊಡ್ಡ ಶೋ ಆಲ್ ಔಟ್. ಪಂಕ್ ಮಾಕ್ಸ್‌ಲಿಯನ್ನು ಸೋಲಿಸಿ ಚಾಂಪಿಯನ್ ಆದ, ತೋಳಿಗೂ ಪೆಟ್ಟು ಮಾಡಿಕೊಂಡ. ಆಮೇಲೆ ಪತ್ರಿಕಾಗೋಷ್ಠಿಯಲ್ಲಿ ಕೂತು, ತಿಂಡಿ ತಿನ್ನುತ್ತಾ, ಕಂಪನಿಯವರನ್ನೇ ಒಬ್ಬೊಬ್ಬರಾಗಿ ಝಾಡಿಸಿದ. ಒಳಗೆ ಅಲ್ಲಿನ ದೊಡ್ಡ ಆಟಗಾರರಾದ ಕೆನ್ನಿ ಒಮೇಗಾ, ಯಂಗ್ ಬಕ್ಸ್ ಜೊತೆ ಕೈಕೈ ಮಿಲಾಯಿಸಿದ್ದೂ ಆಯಿತು. ಮುಂದಿನ ವರ್ಷ ಅವನು ಬರಬೇಕು, ಆದರೆ ಅವರು ಇರುವ ಬುಧವಾರದ ಡೈನಮೈಟ್ ಶೋಗೆ ಬರುವ ಹಾಗಿಲ್ಲ. ಆಗ ಶನಿವಾರ ರಾತ್ರಿಗೆ ಕೊಲಿಜನ್ ಅಂತ ಹೊಸ ಶೋ ಶುರುವಾಯಿತು. 2023ರ ಜೂನ್ 17, ಶಿಕಾಗೋದ ಯುನೈಟೆಡ್ ಸೆಂಟರ್. ಶೋ ಶುರುವಾಗಿದ್ದೇ ಪಂಕ್ ಮಾತಿನಿಂದ, ಮುಗಿದದ್ದೂ ಅವನ ಮ್ಯಾಚ್‌ನಿಂದ.

ಈಗ ಯೋಚಿಸಿ. ಕಂಪನಿಯ ಒಳಗಿನ ಜಗಳವೇ ಆ ಹೊತ್ತಿಗೆ ಅವರ ಹತ್ತಿರ ಇದ್ದ ಅತಿ ದೊಡ್ಡ ಕಥೆ. ಪಂಕ್ ಮತ್ತು ಒಮೇಗಾ ಒಂದೇ ರಿಂಗ್‌ನಲ್ಲಿ ನಿಂತರೆ ಸಾಕು, ಟಿಕೆಟ್ ತಾನಾಗಿ ಹೋಗುತ್ತಿತ್ತು. ಅದನ್ನು ತೋರಿಸುವ ಬದಲು ಇಬ್ಬರ ನಡುವೆ ಒಂದು ಗೋಡೆ ಎಬ್ಬಿಸಿದರು. ಒಬ್ಬ ಬುಧವಾರ, ಒಬ್ಬ ಶನಿವಾರ. ಕೊಲಿಜನ್ ಕೆಟ್ಟ ಶೋ ಅಂತ ನಾನು ಹೇಳಲ್ಲ. ಪಂಕ್, ಎಫ್‌ಟಿಆರ್, ಸಮೋವಾ ಜೋ, ಜೇ ವೈಟ್ ಇದ್ದ ಆ ಬೇಸಿಗೆಯ ಎಪಿಸೋಡ್‌ಗಳು ನನಗೆ ಡೈನಮೈಟ್‌ಗಿಂತ ಇಷ್ಟ. ಆದರೆ ಒಬ್ಬ ಮನುಷ್ಯನನ್ನು ದೂರ ಇಡಲು ಮಾಡಿದ ಶೋ ಎಷ್ಟು ದಿನ ನಿಲ್ಲುತ್ತದೆ? ಆಗಸ್ಟ್ 27ಕ್ಕೆ ವೆಂಬ್ಲಿಯ ಆಲ್ ಇನ್‌ನಲ್ಲಿ ಎಲ್ಲರನ್ನೂ ಒಂದೇ ಕಟ್ಟಡಕ್ಕೆ ತಂದರು. ಅಲ್ಲಿ ಇನ್ನೊಬ್ಬ ಆಟಗಾರ ಜ್ಯಾಕ್ ಪೆರಿ ಜೊತೆ ಜಗಳ. ಸೆಪ್ಟೆಂಬರ್ 2ಕ್ಕೆ ಕೆಲಸದಿಂದ ತೆಗೆದರು. ಅವತ್ತೂ ಕೊಲಿಜನ್ ಇದ್ದದ್ದು ಶಿಕಾಗೋದಲ್ಲೇ, ಅವನ ಊರಲ್ಲೇ.

ಡಬ್ಲ್ಯೂಡಬ್ಲ್ಯೂಇ ಮಾಡಿದ್ದು ಇದರ ಉಲ್ಟಾ. ಲಾಕರ್ ರೂಮಿನಲ್ಲಿ ಪಂಕ್ ಕಂಡರೆ ಆಗದವನು ರಾಲಿನ್ಸ್, ಹಿಂದೆ ಸಂದರ್ಶನದಲ್ಲಿ ಬಹಿರಂಗವಾಗಿ ಬೈದಿದ್ದವನು. ಅದೇ ಶೋಗೆ ತಂದು ಎದುರಿಗೆ ನಿಲ್ಲಿಸಿದರು. ಸಹಿ ಹಾಕಿದ ರಾತ್ರಿಯೇ ಇಬ್ಬರೂ ಮುಖಾಮುಖಿ. ಬೇರೆ ಶೋಗೆ ಹಾಕಿದ್ದರೆ ಕೊಲಿಜನ್ ಎರಡನೇ ಭಾಗ ಆಗುತ್ತಿತ್ತು. ಅದಕ್ಕೆ ನಾನು ರಾ ಪರ.

ಶನಿವಾರದ ಪ್ರೇಕ್ಷಕ:

ಮಂಡ್ಯ ಅಣ್ಣಾ, ಬರೆದದ್ದು ಚೆನ್ನಾಗಿದೆ. ಆದರೆ ರಾಲಿನ್ಸ್ ಸಿಟ್ಟು ಒಂದು ರಾತ್ರಿಯ ವಿಷಯ. ಹೇಮನ್ ಜೊತೆಗಿನದು ಅಪ್ಪ ಮಗನ ಥರದ ಸಂಬಂಧ. ಯಾವುದರಲ್ಲಿ ಕಥೆ ಜಾಸ್ತಿ?

ಕುಂದಾಪ್ರ ಕಡಲ:

ನಮ್ಮ ಕಡೆ ಯಕ್ಷಗಾನದಲ್ಲಿ ಪ್ರತಿ ವರ್ಷ ಇದೇ ಚರ್ಚೆ. ತಿರುಗಾಟ ಶುರುವಾಗುವ ಮೊದಲು ಇಂಥ ಕಲಾವಿದ ಆ ಮೇಳ ಬಿಟ್ಟು ಈ ಮೇಳಕ್ಕೆ ಹೋದ ಅಂತ ಸುದ್ದಿ ಬಂದರೆ ಸಾಕು, ಚಾ ಅಂಗಡಿಯಲ್ಲಿ ಎರಡು ಪಾರ್ಟಿ. ನಮ್ಮಪ್ಪ ಕೇಳುವುದು ಒಂದೇ ಪ್ರಶ್ನೆ. "ಅಲ್ಲಿ ಎದುರು ವೇಷ ಯಾರದ್ದು?" ಒಳ್ಳೇ ಮಾತುಗಾರನಿಗೆ ಎದುರು ನಿಂತು ಅರ್ಥ ಹೇಳುವವನು ಸಮಕ್ಕೆ ಸಮ ಇರಬೇಕು. ಆ ಲೆಕ್ಕದಲ್ಲಿ ನೋಡಿದರೆ ರಾ ಶೋನಲ್ಲಿ ಪಂಕ್‌ಗೆ ಎದುರು ವೇಷ ಸಿಕ್ಕಿತು. ಅದು ರಾಲಿನ್ಸ್ ಕೂಡ ಅಲ್ಲ ಮಾರಾಯ್ರೆ. ಡ್ರೂ ಮ್ಯಾಕಿಂಟೈರ್.

2024ರ ಜನವರಿ 27, ಫ್ಲಾರಿಡಾದಲ್ಲಿ ರಾಯಲ್ ರಂಬಲ್, ಒಬ್ಬೊಬ್ಬರಾಗಿ ಇಳಿದು ಉಳಿದವರನ್ನು ರಿಂಗ್‌ನಿಂದ ಹೊರಗೆ ಹಾಕುವ ಮ್ಯಾಚ್. ಪಂಕ್ 27ನೆಯವನಾಗಿ ಬಂದ, ಕೊನೆಗೆ ಕೋಡಿ ರೋಡ್ಸ್ ಅವನನ್ನು ಹೊರಗೆ ಹಾಕಿದ. ನಡುವೆ ಮ್ಯಾಕಿಂಟೈರ್‌ನ ಒಂದು ಪಟ್ಟಿನಲ್ಲಿ ಬಲತೋಳಿನ ಟ್ರೈಸೆಪ್ಸ್ ಹರಿಯಿತು. ವರ್ಷದ ಅತಿ ದೊಡ್ಡ ಶೋ ರೆಸಲ್‌ಮೇನಿಯಾದ ಕನಸು ಹೋಯಿತು. ಬೇರೆ ಯಾರಾದರೂ ಆಗಿದ್ದರೆ ಸಮಾಧಾನದ ಮಾತು ಆಡುತ್ತಿದ್ದರು. ಮ್ಯಾಕಿಂಟೈರ್ ತಿಂಗಳುಗಟ್ಟಲೆ ಅದನ್ನೇ ಹಿಡಿದು ಆಡಿಕೊಂಡ. ಟೀ ಶರ್ಟ್ ಹಾಕಿ ಗೇಲಿ, ಫೋನ್‌ನಲ್ಲಿ ಪೋಸ್ಟ್ ಹಾಕಿ ಗೇಲಿ. ರೆಸಲ್‌ಮೇನಿಯಾ 40ರಲ್ಲಿ ರಾಲಿನ್ಸ್‌ನಿಂದ ಬೆಲ್ಟ್ ಗೆದ್ದವನು ಹಬ್ಬ ಮಾಡುವುದು ಬಿಟ್ಟು, ಕಾಮೆಂಟರಿ ಮೇಜಿನಲ್ಲಿ ಕೂತಿದ್ದ ಪಂಕ್ ಮುಂದೆ ಹೋಗಿ ಕುಣಿದ. ಪಂಕ್ ತೋಳಿನ ಪಟ್ಟಿಯಿಂದಲೇ ಬಾರಿಸಿದ. ಡೇಮಿಯನ್ ಪ್ರೀಸ್ಟ್ ಬಂದು ಬ್ರೀಫ್‌ಕೇಸ್ ಕೊಟ್ಟು ಬೆಲ್ಟ್ ತಗೊಂಡು ಹೋದ. ಮ್ಯಾಕಿಂಟೈರ್ ಚಾಂಪಿಯನ್ ಆಗಿ ಇದ್ದದ್ದು ಕೆಲವೇ ನಿಮಿಷ!

ಆಮೇಲೆ ಸಮ್ಮರ್‌ಸ್ಲ್ಯಾಮ್, ಬರ್ಲಿನ್, ಅಟ್ಲಾಂಟಾದ ಹೆಲ್ ಇನ್ ಎ ಸೆಲ್ ಅನ್ನುವ ಪಂಜರದ ಮ್ಯಾಚ್. ಮೂರು ಮ್ಯಾಚ್. ಅಕ್ಟೋಬರ್ 5ಕ್ಕೆ ಅಟ್ಲಾಂಟಾದಲ್ಲಿ ಇಬ್ಬರ ಮುಖವೂ ನೋಡಲಾಗದಷ್ಟು ರಕ್ತ. ವಾಪಸ್ ಬಂದಮೇಲೆ ಪಂಕ್ ಮಾಡಿದ್ದರಲ್ಲಿ ಇದೇ ಮೇಲು. ಸ್ಮ್ಯಾಕ್‌ಡೌನ್‌ನಲ್ಲಿ ಇದ್ದಿದ್ದರೆ ಇದು ಹುಟ್ಟುತ್ತಲೇ ಇರಲಿಲ್ಲ.

ಎಡಿಸನ್ ಕನ್ನಡತಿ:

ನಾನು ನ್ಯೂಜೆರ್ಸಿಯಲ್ಲಿ ಇರುವುದು. ನಮಗೆ ಎರಡೂ ಶೋ ರಾತ್ರಿ 8ಕ್ಕೆ, ಹಾಗಾಗಿ ಶನಿವಾರ ಮಂಗಳವಾರದ ಪಕ್ಷಪಾತ ನನಗಿಲ್ಲ. 😊 ಟಿವಿ ವ್ಯವಹಾರದ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ, ಯಾಕಂದರೆ ಕಥೆ ಎಷ್ಟೇ ಚೆನ್ನಾಗಿದ್ದರೂ ಶೋ ಯಾರಿಗೆ ಮಾರುತ್ತಿದ್ದಾರೆ ಅನ್ನುವುದೂ ಇರುತ್ತದೆ.

ಪಂಕ್ ಬರುವ ಎರಡು ತಿಂಗಳು ಮೊದಲೇ, 2023ರ ಸೆಪ್ಟೆಂಬರ್‌ನಲ್ಲಿ, ಸ್ಮ್ಯಾಕ್‌ಡೌನ್ ಭವಿಷ್ಯ ಗೊತ್ತಾಗಿತ್ತು. ಫಾಕ್ಸ್ ಬಿಟ್ಟು ಯುಎಸ್‌ಎ ನೆಟ್‌ವರ್ಕ್‌ಗೆ, ಐದು ವರ್ಷ, ಸುಮಾರು 140 ಕೋಟಿ ಡಾಲರ್. ಅದು ಮಾರಾಟವಾದ ಸರಕು. ಬಾಕಿ ಇದ್ದದ್ದು ರಾ. ಯಾರ ಜೊತೆ, ಎಷ್ಟಕ್ಕೆ ಅಂತ ಇನ್ನೂ ಘೋಷಣೆ ಆಗಿರಲಿಲ್ಲ. 2024ರ ಜನವರಿ 23ಕ್ಕೆ ನೆಟ್‌ಫ್ಲಿಕ್ಸ್ ಒಪ್ಪಂದ ಹೊರಬಂತು, 10 ವರ್ಷಕ್ಕೆ 500 ಕೋಟಿ ಡಾಲರ್‌ಗೂ ಮೇಲೆ. ರಂಬಲ್‌ನಲ್ಲಿ ಪಂಕ್ ತೋಳು ಹರಿದದ್ದು ಅದಾಗಿ ನಾಲ್ಕು ದಿನಕ್ಕೆ.

ಪಂಕ್‌ನಿಂದ ನೆಟ್‌ಫ್ಲಿಕ್ಸ್ ಬಂತು ಅಂತ ನಾನು ಹೇಳುತ್ತಿಲ್ಲ. ಅಂಥ ಒಪ್ಪಂದಗಳು ಎರಡು ವಾರದಲ್ಲಿ ಆಗುವಂಥವಲ್ಲ. ಆದರೆ ಮಾರಾಟಕ್ಕಿಟ್ಟ ಅಂಗಡಿಯ ಮುಂದೆಯೇ ಅಲ್ವಾ ಒಳ್ಳೇ ಸಾಮಾನು ಇಡುವುದು? 2025ರ ಜನವರಿ 6, ಲಾಸ್ ಏಂಜಲೀಸ್‌ನಲ್ಲಿ ನೆಟ್‌ಫ್ಲಿಕ್ಸ್‌ನ ಮೊದಲ ರಾ. ಕೊನೆಯ ಮ್ಯಾಚ್ ಯಾರದ್ದು? ಪಂಕ್ ಮತ್ತು ರಾಲಿನ್ಸ್. ಪಂಕ್ ಗೆದ್ದ.

ಹಾಫ್ ಕಾಫಿ:

ಮೇಡಂ, ನಮಗೆ ನೆಟ್‌ಫ್ಲಿಕ್ಸ್ ಬಂದದ್ದು 2025ರ ಏಪ್ರಿಲ್‌ನಲ್ಲಿ. ಆ ಜನವರಿಯ ಶೋ ಸೋನಿಯಲ್ಲೇ ನೋಡಿದ್ದು. ಈಗಿನ ಒಂದು ಲಾಭ ಅಂದರೆ ಕ್ಯಾಬ್‌ನಲ್ಲೇ ನೋಡಬಹುದು. ಹಾಗಾಗಿ ಮಂಗಳವಾರದ ದೂರು ವಾಪಸ್.

ಬುಕ್ಕಿಂಗ್ ಬಸವಣ್ಣ:

ಎಲ್ಲರೂ ಶೋ ಶೋ ಅಂತ ಹೊಡೆದಾಡ್ತಿದ್ದೀರಿ. ನನ್ನ ಅನಿಸಿಕೆ, ಯಾವ ಶೋ ಅನ್ನುವುದು ಎರಡನೇ ಪ್ರಶ್ನೆ.

ಡೇನಿಯಲ್ ಬ್ರಯಾನ್ ತಗೊಳ್ಳಿ. 2018ರ ಮಾರ್ಚ್ 20ಕ್ಕೆ ಡಾಲಸ್‌ನಲ್ಲಿ ಮತ್ತೆ ಕುಸ್ತಿ ಆಡಲು ಡಾಕ್ಟರು ಒಪ್ಪಿದರು ಅಂತ ಹೇಳಿದಾಗ ಕಣ್ಣೀರು ಹಾಕದವರಿಲ್ಲ. ಅವನು ಸ್ಮ್ಯಾಕ್‌ಡೌನ್ ಜನರಲ್ ಮ್ಯಾನೇಜರ್ ಆಗಿದ್ದ, ಅಲ್ಲೇ ಆಟಗಾರನಾಗಿ ಉಳಿದ. ಅಲ್ಲಿ ಎಜೆ ಸ್ಟೈಲ್ಸ್ ಚಾಂಪಿಯನ್. ಶೋ ನೂರಕ್ಕೆ ನೂರು ಸರಿ. ಆದರೆ ಒಬ್ಬಂಟಿಯಾಗಿ ಮೊದಲ ಜಗಳ ಯಾರ ಜೊತೆ ಕೊಟ್ಟರು? ಬಿಗ್ ಕ್ಯಾಸ್! ಎರಡು ದೊಡ್ಡ ಶೋಗಳಲ್ಲಿ ಅದೇ ಮ್ಯಾಚ್. ಅವನು ನಿಜವಾಗಿ ವಾಪಸ್ ಬಂದ ಅನಿಸಿದ್ದು ನವೆಂಬರ್ 13ಕ್ಕೆ, ಸ್ಟೈಲ್ಸ್‌ಗೆ ಕೆಳಗೆ ಹೊಡೆದು ಬೆಲ್ಟ್ ತಗೊಂಡು ಖಳನಾದಾಗ. ಸರಿಯಾದ ಶೋ, ತಪ್ಪು ಎದುರಾಳಿ, ಎಂಟು ತಿಂಗಳು ಮಣ್ಣುಪಾಲು.

ಇನ್ನು ಎರಡು ಶೋಗಳ ನಡುವಿನ ಈ ಬ್ರ್ಯಾಂಡ್ ಗಡಿ ಅನ್ನುವುದೂ ಬೇಲಿ ಇಲ್ಲದ ಗದ್ದೆ. 2019ರಲ್ಲಿ ವೈಲ್ಡ್ ಕಾರ್ಡ್ ನಿಯಮ ಅಂತ ತಂದು ಎರಡೂ ಕಡೆಯವರನ್ನು ಓಡಾಡಿಸಿದ್ದು ಮರೆತಿಲ್ಲ ತಾನೆ? ಪಂಕ್ ವಿಷಯಕ್ಕೇ ಬನ್ನಿ. ಅವನ ಹೆಂಡತಿ ಮತ್ತು ನಾಯಿಯ ಹೆಸರಿದ್ದ ಬ್ರೇಸ್‌ಲೆಟ್ ಮ್ಯಾಕಿಂಟೈರ್ ಕಿತ್ತುಕೊಂಡದ್ದು ಎಲ್ಲಿ? 2024ರ ಜೂನ್ 21, ಶಿಕಾಗೋ, ಸ್ಮ್ಯಾಕ್‌ಡೌನ್‌ನಲ್ಲಿ. ಇಬ್ಬರೂ ರಾ ಶೋದವರು. ಆ ಇಡೀ ಕಥೆ ನಿಂತದ್ದೇ ಆ ಬ್ರೇಸ್‌ಲೆಟ್ ಮೇಲೆ.

ಶನಿವಾರದ ಪ್ರೇಕ್ಷಕ:

ಬಸವಣ್ಣನವರೇ, ಇದು ನನ್ನ ಕಡೆಯ ಸಾಕ್ಷಿ! ದೊಡ್ಡ ಕ್ಷಣ ಬೇಕಾದಾಗ ಅವರೇ ಅವನನ್ನು ಸ್ಮ್ಯಾಕ್‌ಡೌನ್‌ಗೆ ಕರೆದುಕೊಂಡು ಬಂದರು. ಅದೂ ಒಂದು ಸಲ ಅಲ್ಲ. 2024ರ ನವೆಂಬರ್‌ನಲ್ಲಿ ರೇನ್ಸ್ ಟೀಮ್‌ಗೆ ವಾರ್‌ಗೇಮ್ಸ್‌ಗೆ ಐದನೆಯವನು ಬೇಕಿತ್ತು. ಹೇಮನ್ ಯಾರನ್ನು ಕರೆತಂದ? ಪಂಕ್‌ನನ್ನು. ಎಲ್ಲಿ? ಸ್ಮ್ಯಾಕ್‌ಡೌನ್‌ನಲ್ಲಿ. ವ್ಯಾಂಕೂವರ್‌ನಲ್ಲಿ ಒಟ್ಟಿಗೆ ಗೆದ್ದರು. ಅದಕ್ಕೆ ಬದಲಾಗಿ ಹೇಮನ್ ಒಂದು ಉಪಕಾರ ಮಾಡಬೇಕು ಅಂತ ಮಾತಾಯಿತು. ಆ ಒಂದು ಮಾತಿನ ಮೇಲೆ 2025ರ ಏಪ್ರಿಲ್ 19ರ ರೆಸಲ್‌ಮೇನಿಯಾ 41 ನಿಂತಿತು. ಪಂಕ್, ರೇನ್ಸ್, ರಾಲಿನ್ಸ್. ಪಂಕ್‌ನ ಜೀವನದ ಮೊದಲ ರೆಸಲ್‌ಮೇನಿಯಾ ಮುಖ್ಯ ಮ್ಯಾಚ್. ಹೇಮನ್ ಮೊದಲು ಪಂಕ್‌ಗೆ ಕೈಕೊಟ್ಟ, ಆಮೇಲೆ ರೇನ್ಸ್‌ಗೂ ಕೈಕೊಟ್ಟು ರಾಲಿನ್ಸ್ ಜೊತೆ ಹೋದ.

ನಾನು 2023ರಲ್ಲೇ ಬೇಕು ಅಂದ ಕಥೆ ಇದೇ. ಅವರು ಅಲ್ಲಿಗೆ ಬಂದೇ ಬಂದರು, ಒಂದೂಕಾಲು ವರ್ಷ ಸುತ್ತು ಹಾಕಿ.

ಮೂರು ಗಂಟೆ ರಾ:

ಆ ಸುತ್ತಿನಿಂದಲೇ ಅದು ಕೆಲಸ ಮಾಡಿದ್ದು.

2023ರ ಡಿಸೆಂಬರ್‌ನಲ್ಲಿ ಪಂಕ್ ನೇರವಾಗಿ ರೇನ್ಸ್, ಹೇಮನ್ ಎದುರು ನಿಂತಿದ್ದರೆ ಕೋಡಿ ರೋಡ್ಸ್ ಗತಿ ಏನು? ಕೋಡಿ ರೆಸಲ್‌ಮೇನಿಯಾ 39ರಲ್ಲಿ ರೇನ್ಸ್‌ಗೆ ಸೋತಿದ್ದ. ಅವನ ಕಥೆ ಮುಗಿಯಬೇಕು ಅಂತ ಜನ ಒಂದು ವರ್ಷ ಕಾದಿದ್ದರು. ರಾಕ್ ಬಂದು 2024ರ ಫೆಬ್ರವರಿ 2ಕ್ಕೆ ಆ ಜಾಗದಲ್ಲಿ ನಿಂತಾಗ ಏನಾಯಿತು ನೋಡಿದ್ದೀರಿ. ರಾಕ್‌ನಂಥ ರಾಕ್‌ಗೇ ಜನ ಬೊಬ್ಬೆ ಹೊಡೆದರು, ಕೊನೆಗೆ ಕೋಡಿಗೇ ಮ್ಯಾಚ್ ಸಿಕ್ಕಿತು. ಆ ಸಾಲಿನಲ್ಲಿ ಪಂಕ್ ನುಗ್ಗಿದ್ದರೆ ಅವನಿಗೂ ಅದೇ ಗತಿ. ಹತ್ತು ವರ್ಷ ಆದಮೇಲೆ ಬಂದವನು ಎರಡೇ ತಿಂಗಳಲ್ಲಿ ಜನರ ಬಾಯಲ್ಲಿ ಬೈಸಿಕೊಳ್ಳಬೇಕಿತ್ತು.

ಏಪ್ರಿಲ್ 7ಕ್ಕೆ ಫಿಲಡೆಲ್ಫಿಯಾದಲ್ಲಿ ರೇನ್ಸ್‌ನ 1,316 ದಿನದ ಆಳ್ವಿಕೆ ಮುಗಿಯಿತು. ಆಮೇಲೆ ಆಗಸ್ಟ್‌ವರೆಗೆ ಅವನ ಸುಳಿವಿಲ್ಲ. ವಾಪಸ್ ಬಂದಾಗ ಬೆಲ್ಟ್ ಇಲ್ಲ, ಬಳಗ ಇಲ್ಲ. ಆ ರೇನ್ಸ್ ಪಂಕ್ ಹತ್ತಿರ ಸಹಾಯ ಕೇಳುವುದರಲ್ಲಿ ಕಥೆ ಇದೆ. ಎಲ್ಲ ಇದ್ದ ರೇನ್ಸ್‌ಗೆ ಪಂಕ್ ಬೇಕಾಗಿರಲಿಲ್ಲ.

ಫೈರ್‌ಫ್ಲೈ ಹುಬ್ಬಳ್ಳಿ:

ತಪ್ಪು ಶೋ ಅಂದರೆ ನನಗೆ ಒಂದೇ ಹೆಸರು ನೆನಪಾಗುವುದು. ಬ್ರೇ ವಯಟ್.

2022ರ ಅಕ್ಟೋಬರ್ 8, ಫಿಲಡೆಲ್ಫಿಯಾ, ಎಕ್ಸ್‌ಟ್ರೀಮ್ ರೂಲ್ಸ್. ವಾರಗಟ್ಟಲೆ ಬಿಳಿ ಮೊಲ, ಕ್ಯೂಆರ್ ಕೋಡ್ ಅಂತ ಸುಳಿವು. ಕೊನೆಗೆ ಕತ್ತಲಲ್ಲಿ ಲಾಂದ್ರ ಹಿಡಿದು ಬಂದ. ಅವತ್ತು ಅಷ್ಟು ಜನ ಫೋನ್ ಲೈಟ್ ಹಿಡಿದದ್ದು ನೋಡಿ ಮೈ ಝುಂ ಅಂದಿತ್ತು. ಆಮೇಲೆ ಸ್ಮ್ಯಾಕ್‌ಡೌನ್‌ಗೆ ಹಾಕಿದರು. ಬ್ಲಡ್‌ಲೈನ್ ಕಥೆ ತುದಿಗೆ ಏರಿದ್ದ ಕಾಲ. ಸ್ಯಾಮಿ ಝೇನ್ ಆ ಬಳಗದ ಒಳಗೋ ಹೊರಗೋ ಅಂತ ಎಲ್ಲರ ಕಣ್ಣು ಅಲ್ಲೇ. ವಯಟ್‌ಗೆ ಸಿಕ್ಕಿದ್ದು ಒಂದು ಚೂರು ಜಾಗ, ಎಲ್‌ಎ ನೈಟ್ ಜೊತೆ ಜಗಳ, 2023ರ ರಂಬಲ್‌ನಲ್ಲಿ ತಂಪುಪಾನೀಯದ ಜಾಹೀರಾತಿನ ಹೆಸರಿಟ್ಟ ಕತ್ತಲೆ ಮ್ಯಾಚ್. ಟಿವಿಯಲ್ಲಿ ಅವನು ಆಡಿದ್ದು ಅದೇ ಕೊನೆ. ಆಗಸ್ಟ್ 24ಕ್ಕೆ ತೀರಿಹೋದ, 36 ವರ್ಷ.

ಅವನಿಗೆ ನಿಧಾನ ಬೇಕಿತ್ತು. ಮೂರು ಗಂಟೆಯ ಶೋನಲ್ಲಿ ಒಬ್ಬ ಮನುಷ್ಯ ಹತ್ತು ನಿಮಿಷ ಸುಮ್ನೆ ಕೂತು ಮಾತಾಡಲು ಜಾಗ ಇರುತ್ತದೆ. ಪಂಕ್‌ನನ್ನು ಅದೇ ಸ್ಮ್ಯಾಕ್‌ಡೌನ್‌ಗೆ ಹಾಕಬೇಕಿತ್ತು ಅನ್ನುವವರು ಒಂದು ಸಲ ವಯಟ್‌ನ ಆ ಮೂರು ತಿಂಗಳ ಎಪಿಸೋಡ್ ನೋಡಿ ಬನ್ನಿ.

ಸ್ಟ್ರೇಟ್ ಎಡ್ಜ್ ಶಿವಮೊಗ್ಗ:

ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಆದರೂ ಪಂಕ್ ಪಾತ್ರ ರಾ ಶೋನಲ್ಲಿ ಮೆತ್ತಗಾಯಿತು ಅನ್ನುವುದನ್ನು ಬಿಡಲ್ಲ. ಈಗ ಎಲ್ಲರಿಗೂ ಬೇಕಾದ ಮನುಷ್ಯ, ಊರಿಗೆ ಬಂದರೆ ಜನ ಹಾಡಿ ಸ್ವಾಗತ ಮಾಡುತ್ತಾರೆ. 2025ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಗುಂಥರ್‌ನನ್ನು ಸೋಲಿಸಿದಾಗ ಎದ್ದು ಕುಣಿದೆ ನಿಜ. ರಾಲಿನ್ಸ್ ಊರುಗೋಲು ಎಸೆದು ಬ್ರೀಫ್‌ಕೇಸ್ ತಂದು ಕಿತ್ತುಕೊಂಡಾಗ ಬೈದೆ ನಿಜ. ಆದರೆ ಆ ಕಿತ್ತುಕೊಳ್ಳುವವನು ಒಂದು ಕಾಲಕ್ಕೆ ಪಂಕ್ ಆಗಿದ್ದ. ಜೆಫ್ ಹಾರ್ಡಿಗೆ ಅವನು ಮಾಡಿದ್ದನ್ನೇ ಇವನಿಗೆ ಮಾಡಿದರು. ನನಗೆ ಆ ಕಡೆಯ ಪಂಕ್ ಬೇಕು.

ಬುಕ್ಕಿಂಗ್ ಬಸವಣ್ಣ:

ಐವತ್ತರ ಹತ್ತಿರದ ವಯಸ್ಸಿನಲ್ಲಿ ಗಡ್ಡ ಬಿಟ್ಟು ಉಪದೇಶ ಮಾಡಿದರೆ ಜನ ನಿಜವಾದ ಸ್ವಾಮಿ ಅಂದುಕೊಂಡು ಕಾಲಿಗೆ ಬೀಳ್ತಾರೆ.

ಎಡಿಸನ್ ಕನ್ನಡತಿ:

😂😂

ಒಂದು ಮಾತು ಕೇಳಲಾ? ಒಂದೇ ರಾತ್ರಿ ಇಬ್ಬರು ವಾಪಸ್ ಬಂದರು. ಒಬ್ಬ ರಾ, ಒಬ್ಬ ಸ್ಮ್ಯಾಕ್‌ಡೌನ್. ಇಷ್ಟು ಹೊತ್ತು ಪಂಕ್ ಬಗ್ಗೆ ಜಗಳ ಆಡಿದೆವು. ತಪ್ಪು ಶೋಗೆ ಹೋದವನು ಆರ್ಟನ್ ಅಂತ ಯಾರಿಗೂ ಅನಿಸಲಿಲ್ಲವಾ?

ಅವನು ಸ್ಮ್ಯಾಕ್‌ಡೌನ್ ಸೇರಿದ್ದು ಬ್ಲಡ್‌ಲೈನ್ ಮೇಲೆ ಸೇಡು ತೀರಿಸಲು. 2022ರ ಮೇನಲ್ಲಿ ಅವರ ಕೈಯಲ್ಲಿ ಪೆಟ್ಟು ತಿಂದು ಹೋದವನು, ಬೆನ್ನಿನ ಆಪರೇಷನ್ ಆಗಿ ಒಂದೂವರೆ ವರ್ಷ ಮನೆಯಲ್ಲಿದ್ದ. ಸೇಡು ಸಿಕ್ಕಿತಾ? ನಾಲ್ವರ ಮ್ಯಾಚ್‌ನಲ್ಲಿ ಒಬ್ಬನಾದ. ರೆಸಲ್‌ಮೇನಿಯಾ 40ರಲ್ಲಿ ಲೋಗನ್ ಪಾಲ್‌ನ ಯುಎಸ್ ಬೆಲ್ಟ್‌ಗೆ ಮೂವರ ಮ್ಯಾಚ್, ಅದರಲ್ಲೂ ಸೋತ. 2024ರಲ್ಲಿ ಅವನಿಗೆ ಸಿಕ್ಕ ಗಟ್ಟಿ ಕಥೆ ಯಾವುದು? ಗುಂಥರ್. ಜೆಡ್ಡಾದಲ್ಲಿ ಕಿಂಗ್ ಆಫ್ ದ ರಿಂಗ್ ಫೈನಲ್, ಆಮೇಲೆ ಬರ್ಲಿನ್‌ನಲ್ಲಿ ವರ್ಲ್ಡ್ ಹೆವಿವೇಟ್ ಬೆಲ್ಟ್‌ಗೆ ಮ್ಯಾಚ್. ಗುಂಥರ್ ಯಾವ ಶೋ? ಆ ಬೆಲ್ಟ್ ಯಾವ ಶೋದು?

ಶನಿವಾರದ ಪ್ರೇಕ್ಷಕ:

ಅಂದರೆ ಇಬ್ಬರನ್ನೂ ಅದಲು ಬದಲು ಮಾಡಬೇಕಿತ್ತು ಅಂತ ತಾನೆ? ಆರ್ಟನ್ ರಾ, ಪಂಕ್ ಸ್ಮ್ಯಾಕ್‌ಡೌನ್. ನಾನು ಮೊದಲಿಂದ ಹೇಳ್ತಿರೋದು ಅದರಲ್ಲಿ ಅರ್ಧ!

ಎಡಿಸನ್ ಕನ್ನಡತಿ:

ಅಲ್ಲ ಅಲ್ಲ. ಇಬ್ಬರೂ ರಾ.

ಮೂರು ಗಂಟೆ ರಾ:

ಹಾಗಾದರೆ ಸ್ಮ್ಯಾಕ್‌ಡೌನ್‌ಗೆ ಉಳಿಯೋದು ಯಾರು, ಹೇಮನ್ ಮತ್ತು ಅವನ ಫೋನಾ? ಆರ್ಟನ್ ಚರ್ಚೆಗೆ ಬೇರೆ ಥ್ರೆಡ್ ಹಾಕಿ ಮೇಡಂ, ಅಲ್ಲಿಗೇ ಬರ್ತೀನಿ. ಕೋಡಿ ಜೊತೆಗಿನ ಅವನ ಹಳೇ ಲೆಗಸಿ ಬಳಗದ ಕಥೆ ಸ್ಮ್ಯಾಕ್‌ಡೌನ್‌ನಲ್ಲೇ ಆಗಬೇಕು ಅನ್ನುವುದಕ್ಕೆ ನನ್ನ ಹತ್ತಿರ ಬೇಕಾದಷ್ಟು ಇದೆ.